ಗೂಟಕ್ಕೆ ನೇತುಬಿದ್ದ ಸಮುದ್ರ

"ಈ ಬೇಸಿಗೆಯಲ್ಲಿ ನಮ್ಮ ಮನೆಯ ಒಂದೇ ಒಂದು ಹಪ್ಪಳ ಮಳೆಯಲ್ಲಿ ತೋಯ್ದರೆ, ನನ್ನ ಹೆಸರು ಗುರಣ್ಣ ಮಾಸ್ತರ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಎಪ್ಪತ್ತಾರನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಎದೆ ಉಬ್ಬಿಸಿಕೊಂಡು. ಕೇಳಿಸಿಕೊಂಡವಳು ಹೆಂಡತಿ ಇಂದ್ರಾಬಾಯಿ. ಅವಳು ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಿ ಮಾಡೂದು ಸುಲಭ ಐತ್ರಿ. ತೋಯ್ದ ಹಪ್ಪಳಾ ಬದಲಿ ಮಾಡೂದು ಯಾರು?"

ಅವಳ ಮಾತಿಗೂ ಕಾರಣವಿತ್ತು. ಹಿಂದಿನ ವರ್ಷ ಇದೇ ಮಾಳಿಗೆಯ ಮೇಲೆ ಒಣಹಾಕಿದ್ದ ಎರಡು ಬುಟ್ಟಿ ಹಪ್ಪಳ ಅಡ್ಡಮಳೆಗೆ ಸಿಕ್ಕು ಅಂಬಲಿಯಾಗಿತ್ತು. ಆದರೆ ಈ ಸಲ ಹಾಗಾಗುವಂತಿರಲಿಲ್ಲ. ಈ ಸಲ ತಂಗಿ ಕಸ್ತೂರೆವ್ವನ ಮದುವೆ! ಗಂಡಿನ ಮನೆ ಬಸವನ ಬಾಗೇವಾಡಿ. ಹೆಣ್ಣಿನ ಕಡೆಯವರು ಹದಿನಾರು ಬುಟ್ಟಿ ಹಪ್ಪಳ, ಸಂಡಿಗೆ, ಶ್ಯಾವಿಗೆ, ಕುರುಡಿಗೆ ಒಯ್ದು ಬೀಗರ ಅಂಗಳದಲ್ಲಿ ಇಳಿಸಬೇಕು. ಬೀಗಿತ್ತಿ ಯಲ್ಲವ್ವನವರು ಸಾಮಾನ್ಯರಲ್ಲ. ದೊಡ್ಡ ಸೊಸೆ ತಂದ ಶ್ಯಾವಿಗೆಯ ಎಳೆಯೊಂದನ್ನು ಎತ್ತಿ ಮುರಿದು, ಚಟ್ ಎಂದು ಸದ್ದು ಬರಲಿಲ್ಲವೆಂದು ಬುಟ್ಟಿಯನ್ನೇ ತಿರುಗಿ ಕಳಿಸಿದವರು! ಆ ಸೊಸೆಯನ್ನು ಇಂದಿಗೂ ಆ ಮನೆಯಲ್ಲಿ 'ಹಸಿ ಶ್ಯಾವಿಗಿ' ಎಂದೇ ಕರೆಯುತ್ತಾರಂತೆ.

ಇದನ್ನು ಕೇಳಿದ ದಿನದಿಂದ ಕಸ್ತೂರೆವ್ವನ ಊಟ ಅರ್ಧವಾಗಿತ್ತು.

"ಅಣ್ಣಾ, ನಮ್ಮ ಬುಟ್ಟಿ ತಿರುಗಿ ಬಂದ್ರ ನಾ ಅಲ್ಲಿ ಹೆಂಗ ತಲಿ ಎತ್ತಿ ತಿರಗಾಡಲಿ?" ಎಂದು ಕೇಳಿದ್ದಳು.

"ಹುಚ್ಚಿ, ನಿನ್ನ ಅಣ್ಣ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಅದಾನ. ಅದನ್ನ ಮರೀಬ್ಯಾಡ!" ಎಂದೆ ನಾನು. ಅಯ್ಯೋ, ಅವಳು ಅದನ್ನು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ಧೈರ್ಯವೆಲ್ಲ ಪಡಸಾಲೆಯ ಗೂಟಕ್ಕೆ ನೇತುಬಿದ್ದಿತ್ತು. ಅದರ ಹೆಸರು ಕಡಲ ಪಾಚಿ.

ಜನವರಿಯಲ್ಲಿ ಹುಡುಗರನ್ನು ಕರೆದುಕೊಂಡು ಕಾರವಾರಕ್ಕೆ ಪ್ರವಾಸ ಹೋಗಿದ್ದೆ. ಸಮುದ್ರವೆಂದರೆ ನಮ್ಮ ಕಡೆಯವರಿಗೆ ಭೂಪಟದಲ್ಲಿ ನೀಲಿ ಬಣ್ಣ, ಅಷ್ಟೆ. ಅಲ್ಲಿ ನೋಡಿದರೆ ಆ ನೀಲಿ ಬಣ್ಣ ದಿನಕ್ಕೆರಡು ಸಲ ಹಿಂದೆ ಸರಿಯುತ್ತದೆ, ಎರಡು ಸಲ ಮುಂದೆ ಬರುತ್ತದೆ! ನಾವು ಹೋದಾಗ ಇಳಿತದ ಹೊತ್ತು. ನೀರು ಸರಿದ ಕಡೆ ಕರಿಬಂಡೆಗಳು ಎದ್ದು ನಿಂತಿದ್ದವು. ಬಂಡೆಗಳ ತುಂಬ ಕಂದು ಬಣ್ಣದ ಪಾಚಿ, ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗಿದ ಹೆಂಗಸರ ಕೂದಲಿನ ಹಾಗೆ. ಎಲೆಗಳ ನಡುನಡುವೆ ಜೋಳದ ಕಾಳಿನಷ್ಟು ದಪ್ಪದ ಗಾಳಿಗುಳ್ಳೆಗಳು. "ಹುಡುಗರೇ, ಇದನ್ನು ಗಮನವಿಟ್ಟು ನೋಡಿ" ಎನ್ನುತ್ತ ಒಂದು ಹೆಜ್ಜೆ ಇಟ್ಟೆ. ಮರುಕ್ಷಣ ನಾನು ಅದರ ಮೇಲೆ ಕುಳಿತಿದ್ದೆ! ಹತ್ತಿರದಿಂದ ಪರೀಕ್ಷಿಸಲು ಕುಳಿತೆನೆಂದು ಹುಡುಗರಿಗೆ ಹೇಳಿದೆ. ಒಬ್ಬನೂ ನಂಬಲಿಲ್ಲ.

ಪಕ್ಕದ ಬಂಡೆಯ ಮೇಲೆ ಚಿಪ್ಪು ಕೀಳುತ್ತಿದ್ದ ಮುದುಕಿಯೊಬ್ಬಳು ನಗುತ್ತ ನನ್ನನ್ನು ಎಬ್ಬಿಸಿದಳು. ಆ ಪಾಚಿಯನ್ನು ಒಣಗಿಸಿ ಮನೆಯಲ್ಲಿ ನೇತುಹಾಕಿದರೆ ಅದು ಮಳೆಯ ಸುದ್ದಿ ಹೇಳುತ್ತದೆಂದು ತಿಳಿಸಿದವಳು ಅವಳೇ. ಗರಿಗರಿಯಾಗಿದ್ದರೆ ಬಿಸಿಲು, ಮೆತ್ತಗಾಗಿ ಕೈಗೆ ಅಂಟಿದರೆ ಮಳೆ. ನನ್ನೊಳಗಿನ ವಿಜ್ಞಾನಿ ಥಟ್ಟನೆ ಎದ್ದು ಕುಳಿತ. ಪಾಚಿಯಲ್ಲಿ ಸಮುದ್ರದ ಉಪ್ಪಿದೆ. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಮಳೆಗೆ ಮುಂಚೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಎಂಟನೆಯ ಇಯತ್ತೆಯ ಪಾಠ! ಒಂದು ತೆಕ್ಕೆ ಪಾಚಿಯನ್ನು ಹರಿದು, ನನ್ನ ಎರಡನೆಯ ಧೋತರದಲ್ಲಿ ಗಂಟು ಕಟ್ಟಿಕೊಂಡೆ. ಹುಬ್ಬಳ್ಳಿಯ ತನಕ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ.

ಗಂಟು ಬಿಚ್ಚಿದಾಗ ಇಂದ್ರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಸಮುದ್ರದಿಂದ ಮುತ್ತ ತರ್ತಾರ ಅಂತ ಕೇಳಿದ್ನಿ. ನೀವು ಹಾವಸಿ ತಂದೀರಿ!"

"ಇದು ಹಾವಸಿ ಅಲ್ಲ, ಹವಾಮಾನ ಖಾತೆ!"

ಅವ್ವ ಹುಚ್ಚವ್ವ ಮಾತ್ರ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಎಷ್ಟ ದೂರದಿಂದ ಬಂದೈತೋ ಪಾಪ" ಎಂದಳು. ಆ ಮಾತನ್ನು ನಾನು ಆಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಒಂದು ಸಂಜೆ ಗೂಟದ ಪಾಚಿ ಮೆತ್ತಗಾಯಿತು. ಮುಟ್ಟಿದರೆ ಬೆರಳಿಗೆ ಅಂಟಿತು. "ಮಳೆ ಬರುತ್ತದೆ!" ಎಂದು ಕೂಗುತ್ತ ಓಣಿಗೇ ಓಡಿದೆ. ಆಕಾಶದಲ್ಲಿ ಅಂಗೈ ಅಗಲದ ಮೋಡವೂ ಇರಲಿಲ್ಲ. ಜನ ನಕ್ಕರು. ಒಂದೇ ತಾಸಿನಲ್ಲಿ ಗುಡುಗು, ಗಾಳಿ, ಮಳೆ! ನಕ್ಕವರೆಲ್ಲ ತೋಯ್ದರು. ಅಂದಿನಿಂದ ನನ್ನ ನಡಿಗೆಯೇ ಬೇರೆಯಾಯಿತು. ಪಂಚಾಂಗ ನೋಡುವವರು ನನ್ನನ್ನು ಕಂಡರೆ ದಾರಿ ಬಿಟ್ಟು ನಡೆಯಲಿ ಎಂಬ ಗತ್ತು! ಪಕ್ಕದ ಮನೆಯ ಸುಲ್ತಾನಬಿ ದಿನಾ ಬೆಳಗ್ಗೆ ಬಾಗಿಲಿಗೆ ಬಂದು, "ಮಾಸ್ತರ, ಇವತ್ತೇನಂತೈತ್ರಿ ನಿಮ್ಮ ಪಾಚಿ?" ಎಂದು ಕೇಳುವಳು. ಅವಳು ಕೇಳಿಕೊಂಡು ಹೋಗಿ ಹೇಳಿದ ಮೇಲೆಯೇ ಓಣಿಯಲ್ಲಿ ಹಪ್ಪಳದ ಹಿಟ್ಟು ಕಲಸಬೇಕೋ ಬೇಡವೋ ಎಂಬುದು ತೀರ್ಮಾನ.

ಮದುವೆಗೆ ಹದಿನೆಂಟು ದಿನ ಉಳಿದಾಗ ಹದಿನಾರು ಬುಟ್ಟಿಯ ಕೆಲಸ ಶುರುವಾಗಬೇಕಿತ್ತು. ಓಣಿಯ ಹೆಂಗಸರೆಲ್ಲ ಬಂದು ಕೂಡಿ ಮಾಡಿಕೊಡುವುದು ನಮ್ಮ ಕಡೆಯ ರೂಢಿ. ಲಟ್ಟಣಿಗೆ ಹಿಡಿದು ಎಂಟು ಜನ ಬಂದರು. ನಾನು ಗಂಭೀರವಾಗಿ ಎದ್ದು ಗೂಟದ ಬಳಿ ಹೋಗಿ ಮುಟ್ಟಿದೆ. ಪಾಚಿ ಒದ್ದೆ!

"ಇವತ್ತ ಬ್ಯಾಡ. ಮಳಿ ಐತಿ" ಎಂದೆ.

ಎಂಟೂ ಲಟ್ಟಣಿಗೆ ತಿರುಗಿ ಹೋದವು. ದಿನವಿಡೀ ಸುಡುಸುಡು ಬಿಸಿಲು.

ಮರುದಿನ ಮುಟ್ಟಿದೆ. ಮತ್ತಷ್ಟು ಒದ್ದೆ! ಎಲೆಯ ತುದಿಯಲ್ಲಿ ಹನಿ ಬೇರೆ ತೂಗಾಡುತ್ತಿತ್ತು. ಇಷ್ಟು ಒದ್ದೆಯೆಂದರೆ ಬರುವುದು ಮಳೆಯಲ್ಲ, ಮಹಾಪ್ರಳಯ! "ಯಾರೂ ಏನೂ ಹಾಕಬ್ಯಾಡ್ರಿ!" ಎಂದು ಅಪ್ಪಣೆ ಹೊರಡಿಸಿದೆ. ಅಂದೂ ಬಿಸಿಲು. ನಾಯಿಗಳು ನೆರಳು ಹುಡುಕಿ ನಾಲಿಗೆ ಚಾಚಿ ಮಲಗಿದ್ದವು.

ಮೂರನೆಯ ದಿನ ಒದ್ದೆ. ನಾಲ್ಕನೆಯ ದಿನವೂ ಒದ್ದೆ. ಕುರುಡಿಗೆಗೆಂದು ಮೂರು ದಿನ ನೆನೆಹಾಕಿದ್ದ ಗೋಧಿ ಐದನೆಯ ದಿನಕ್ಕೆ ಹುಳಿಯಾಗಿ ಮನೆಯೆಲ್ಲ ನಾರತೊಡಗಿತು. ಇಂದ್ರಾಬಾಯಿ ಆ ಪಾತ್ರೆಯನ್ನು ತಂದು ನನ್ನ ಮುಂದೆ ಕುಕ್ಕಿದಳು.

"ಮೂಸ್ರಿ!"

"ಯಾಕ?"

"ನಿಮ್ಮ ವಿಜ್ಞಾನದ ವಾಸನಿ ಹೆಂಗೈತಿ ನಿಮಗೂ ಗೊತ್ತಾಗ್ಲಿ!"

"ಸ್ವಲ್ಪ ತಡಿ. ಎಲ್ಲೋ ದೊಡ್ಡ ಮಳಿ ತಯಾರಾಗಾಕತ್ತೈತಿ."

"ಅದು ತಯಾರಾಗೂದ್ರಾಗ ನಿಮ್ಮ ತಂಗಿ ಲಗ್ನ ಆಗಿ, ತೊಟ್ಟಲಾನೂ ಕಟ್ಟಿರ್ತಾಳ!"

ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಪುಕುಪುಕು ಶುರುವಾಗಿತ್ತು. ಊಟ ರುಚಿಸದು. ಕುಡಿಯುವ ನೀರೂ ಉಪ್ಪುಪ್ಪು! ಗೂಟದ ಕೆಳಗೆ, ಕಿಟಕಿಯ ಗಾಳಿ ತಾಗುವ ಜಾಗದಲ್ಲಿ, ನನ್ನ ಸ್ವಂತ ಹೂಜಿ ಇರುತ್ತಿತ್ತು. ತಣ್ಣಗಿರಲೆಂದು ಅದರ ಬಾಯಿಗೆ ಒದ್ದೆ ಅರಿವೆ ಕಟ್ಟಿದ್ದೆ. ಆ ನೀರನ್ನು ನನ್ನ ಬಿಟ್ಟು ಮತ್ತೊಬ್ಬರು ಕುಡಿಯುವಂತಿರಲಿಲ್ಲ. "ನೀರು ಉಪ್ಪಾಗೈತಲ್ಲ?" ಎಂದು ಕೇಳಿದರೆ ಮನೆಯಲ್ಲಿ ಎಲ್ಲರೂ "ಇಲ್ಲವಲ್ಲ!" ಎಂದರು. ನಾನು ಬಿಡಲಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಂತೆ ಭೂಮಿಯ ಲವಣಗಳು ಹೇಗೆ ಹೆಚ್ಚುತ್ತವೆ ಎಂಬುದನ್ನು ಹೆಂಡತಿಗೂ ತಂಗಿಗೂ ಅರ್ಧ ತಾಸು ವಿವರಿಸಿದೆ. ಅವರು ಆಕಳಿಸಿದರು. ನಾನು ಮತ್ತೊಂದು ತಂಬಿಗೆ ಕುಡಿದೆ.

ಹೀಗೆ ಒಂಬತ್ತು ದಿನ! ಹದಿನೆಂಟು ಒಂಬತ್ತಕ್ಕೆ ಇಳಿಯಿತು. ಬುಟ್ಟಿಗಳು ಮಾತ್ರ ಸಾಲಾಗಿ ಬಾಯಿ ತೆರೆದು ಕುಳಿತಿದ್ದವು. ಕಸ್ತೂರೆವ್ವ ಅವುಗಳನ್ನು ನೋಡುವಳು, ನನ್ನನ್ನು ನೋಡುವಳು, ಏನೂ ಹೇಳದೆ ಒಳಗೆ ಹೋಗುವಳು. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಯಲ್ಲವ್ವನವರು ಶ್ಯಾವಿಗೆ ಮುರಿಯುವುದೇ ಕಾಣುತ್ತಿತ್ತು. ಸದ್ದು ಮಾತ್ರ ಬರುತ್ತಿರಲಿಲ್ಲ.

ಒಂಬತ್ತನೆಯ ದಿನದ ಸಂಜೆ ಅವ್ವ ತವರುಮನೆಗೆ ಮದುವೆಯ ಕರೆ ಕೊಡಲು ಬಸ್ಸು ಹತ್ತಿ ಅಗರಖೇಡಕ್ಕೆ ಹೋದಳು. ಮರುದಿನ ಬೆಳಗ್ಗೆ ನಾನು ಪಾಚಿಯನ್ನು ಮುಟ್ಟಿದೆ. ಗರಿಗರಿ! ಮುರಿದರೆ ಚಟ್ ಎನ್ನುವಷ್ಟು ಗರಿಗರಿ!

"ಬಿಸಲು!" ಎಂದು ಕೂಗಿದೆ. "ಎರಡು ದಿನಾ ಒಂದ ಹನಿ ಬೀಳೂದಿಲ್ಲ. ಹಾಕ್ರಿ, ಎಲ್ಲಾರೂ ಹಾಕ್ರಿ!"

ಓಣಿಗೆ ಓಣಿಯೇ ಎದ್ದು ನಿಂತಿತು. ಒಂಬತ್ತು ದಿನ ಕೈ ಕಟ್ಟಿಕೊಂಡು ಕೂತಿದ್ದ ಹೆಂಗಸರು, ನೋಡಬೇಕಿತ್ತು ಅವರ ಆವೇಶ! ಮಧ್ಯಾಹ್ನದ ಹೊತ್ತಿಗೆ ನಮ್ಮ ಮಾಳಿಗೆ, ಸುಲ್ತಾನಬಿಯ ಮಾಳಿಗೆ, ಆಚೆಯ ದುರ್ಗವ್ವನ ಮಾಳಿಗೆ, ಎಲ್ಲವೂ ಬೆಳ್ಳಗೆ ತುಂಬಿಹೋದವು. ಅವರವರ ಮನೆಯದನ್ನೂ ಅಂದೇ ಹಾಕಿಕೊಂಡರು. ನಾನು ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಸೇನೆಯನ್ನು ನೋಡುವ ರಾಜನಂತೆ ನೋಡಿದೆ.

ಮೂರು ಗಂಟೆಗೆ ಪಡುವಣದಲ್ಲಿ ಒಂದು ಮೋಡ ಎದ್ದಿತು.

"ರೀ, ಅಲ್ಲಿ ನೋಡ್ರಿ" ಎಂದಳು ಇಂದ್ರಾಬಾಯಿ.

ಕೆಳಗೋಡಿ ಪಾಚಿಯನ್ನು ಮುಟ್ಟಿ ಬಂದೆ. "ಗರಿಗರಿ ಐತಿ. ಆ ಮೋಡ ಸುಳ್ಳ ಮೋಡ!"

"ಮೋಡದಾಗ ಸುಳ್ಳ ಮೋಡ, ಖರೇ ಮೋಡ ಅಂತ ಇರ್ತಾವೇನ್ರಿ?"

ಮೋಡ ಕಪ್ಪಾಯಿತು. ಗಾಳಿ ತಣ್ಣಗಾಯಿತು. ನನ್ನ ಕೈಕಾಲೂ ತಣ್ಣಗಾದವು. ಮತ್ತೆ ಕೆಳಗೋಡಿದೆ. ಗರಿಗರಿ! ಸುಲ್ತಾನಬಿ ತನ್ನ ಮಾಳಿಗೆಯಿಂದ ಕೂಗಿದಳು: "ಮಾಸ್ತರ, ತಗೀಲೇನ್ರಿ?"

"ಯಾರೂ ಮುಟ್ಟಬ್ಯಾಡ್ರಿ! ಪಾಚಿ ಸುಳ್ಳ ಹೇಳೂದಿಲ್ಲ!"

ಗುಡುಗಿತು. ನಾಲ್ಕನೆಯ ಸಲ ಕೆಳಗೋಡಿದೆ. ನಾನು ಗೂಟದ ಮುಂದೆ ನಿಂತು ಗರಿಗರಿ ಎಲೆಯನ್ನು ಹಿಡಿದುಕೊಂಡಿರುವಾಗಲೇ ತಲೆಯ ಮೇಲೆ ಮಾಳಿಗೆ ಧಡಧಡ ಎಂದಿತು. ಆಲಿಕಲ್ಲು ಮಳೆ!

ಮುಂದಿನದನ್ನು ಹೇಗೆ ಹೇಳಲಿ? ಹೆಂಗಸರು ಬುಟ್ಟಿ ಹಿಡಿದು, ಸೆರಗು ಹಿಡಿದು, ಪಾತ್ರೆ ಹಿಡಿದು ಓಡಿದರು. ಕೈಗೆ ಸಿಕ್ಕಿದ್ದು ಹಿಟ್ಟಿನ ಮುದ್ದೆ. ಮಾಳಿಗೆಯ ನೀರು ಬೀಳುವ ದೋಣಿಯಿಂದ ನಮ್ಮ ಕಸ್ತೂರಿಯ ಶ್ಯಾವಿಗೆ ಎಳೆಎಳೆಯಾಗಿ ಓಣಿಗೆ ಸುರಿಯಿತು. ಎಮ್ಮೆಯೊಂದು ಬಂದು ನಿಂತು, ಆರಾಮವಾಗಿ, ಮದುವೆಯ ಊಟ ಮುಗಿಸಿತು.

ಕಸ್ತೂರೆವ್ವ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. "ಅಣ್ಣಾ..." ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಎಲ್ಲಿ ಬಿಟ್ಟೀತು? ಮಳೆಗೆ ತೋಯ್ದು ಅದಾಗಲೇ ಮುಚ್ಚಿಕೊಂಡಿತ್ತು!

ಮರುದಿನ ಬೆಳಗ್ಗೆ ನಮ್ಮ ಪಡಸಾಲೆಯಲ್ಲಿ ಪಂಚಾಯ್ತಿ ಕೂಡಿತು. ಎಂಟು ಹೆಂಗಸರು, ನಡುವೆ ನಾನು. "ಹೇಳ್ರಿ ಮಾಸ್ತರ, ಒಂಬತ್ತ ದಿನಾ ಬಿಸಲಿದ್ದಾಗ ಬ್ಯಾಡಂದ್ರಿ, ಮಳಿ ಬಂದ ದಿನಾ ಹಾಕ್ರಿ ಅಂದ್ರಿ. ನಾವ ನಿಮಗೇನ ಅನ್ಯಾಯ ಮಾಡಿದ್ವಿ?" ಎಂದು ದುರ್ಗವ್ವ ಕೇಳಿದಳು. ನಾನು ಗಾಳಿಯ ತೇವಾಂಶದ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಗರಖೇಡದಿಂದ ಬಂದಳು. ಕೈಯ ಗಂಟನ್ನು ಕೆಳಗಿಟ್ಟಳು. ನೆಟ್ಟಗೆ ಗೂಟದ ಹತ್ತಿರ ಹೋಗಿ ಪಾಚಿಯನ್ನು ಮುಟ್ಟಿದಳು.

"ಅಯ್ಯ ಶಿವನ! ಹೆಂಗ ಒಣಗೇತಿ! ಎರಡ ದಿನಾ ನಾ ಇಲ್ಲಂದ್ರ ಇದಕ್ಕ ಒಂದ ಹನಿ ನೀರ ಹಾಕವ್ರು ಗತಿ ಇಲ್ಲೇನು ಈ ಮನ್ಯಾಗ?"

ನಾನು ಕೂತಲ್ಲಿಂದ ಎದ್ದುಬಿಟ್ಟೆ.

"ನೀರು? ನೀ ಇದಕ್ಕ ನೀರ ಹಾಕ್ತಿದ್ದೇನು?" ಎಂದು ಕೇಳಿದೆ.

"ದಿನಾ ನಸುಕಿನ್ಯಾಗ ಜಳಕಾ ಮಾಡಿ ತುಳಸಿಗಿ ನೀರ ಹಾಕ್ತೇನಿ. ತಂಬಿಗ್ಯಾಗ ಉಳಿದದ್ದು ಇದಕ್ಕ. ನೀನು ಏಳೂದು ಏಳಕ್ಕ, ನಿನಗೇನ ಗೊತ್ತು? ಮೊದಲ ಬಂದಾಗ ಎಷ್ಟ ಚಂದ ಇತ್ತು. ಲಗ್ನದ ಗಡಿಬಿಡ್ಯಾಗ ನೋಡ್ತೇನಿ, ಮುದಡಿಕೊಂಡು ಹೋಗೇತಿ. ನೀರಾಗ ಹುಟ್ಟಿದ್ದನ್ನ ತಂದು ಈ ಒಣಾ ಊರಾಗ ಗೂಟಕ್ಕ ನೇತಹಾಕೀದಿ. ಅದಕ್ಕ ತ್ರಾಸ ಆಗೂದಿಲ್ಲೇನೋ ಗುರ್ಯಾ?" ಅವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು. "ನಾನೂ ಭೀಮಾ ಹೊಳಿ ದಂಡಿಯಿಂದ ಬಂದಾಕಿ. ಲಗ್ನಾದ ಹೊಸದಾಗಿ ಇಲ್ಲಿ ಒಂದ ಕೊಡಾ ನೀರಿಗೆ ಎರಡ ತಾಸ ನಿಂದ್ರಬೇಕಾದ್ರ ಎಷ್ಟ ಅತ್ತೀನೋ ನನಗ ಗೊತ್ತು."

ಕಸ್ತೂರೆವ್ವ ಬಂದು ಅವ್ವನ ಹೆಗಲಿಗೆ ತಲೆಯಿಟ್ಟಳು. ಬೈಯಲು ಬಂದಿದ್ದ ಎಂಟು ಜನರಲ್ಲಿ ಆರು ಜನ ಕಣ್ಣು ಒರೆಸಿಕೊಂಡರು. ಅವ್ವನನ್ನು ಬೈಯುವಂತಿಲ್ಲವಲ್ಲ! ಹಾಗಾಗಿ ಎಲ್ಲರ ಕಣ್ಣೂ ಮತ್ತೆ ನನ್ನ ಕಡೆ ತಿರುಗಿದವು.

ನಾನು ಮೆಲ್ಲಗೆ, "ಒದ್ದಿ ಆಗಿದ್ದು ತಿಳೀತು. ಆದ್ರ ನಿನ್ನೆ ಮಳಿ ಬರಾಗ ಯಾಕ ಮೆತ್ತಗ ಆಗಲಿಲ್ಲ? ಅದರಾಗ ಉಪ್ಪು..." ಎಂದು ಗೊಣಗಿದೆ.

ಇಂದ್ರಾಬಾಯಿ ಎದ್ದಳು. ಗೂಟವನ್ನು ನೋಡಿದಳು, ಗೂಟದ ಕೆಳಗಿನ ಹೂಜಿಯನ್ನು ನೋಡಿದಳು. ಹೂಜಿಯ ನೀರನ್ನು ಅಂಗೈಗೆ ಸುರಿದುಕೊಂಡು ನಾಲಿಗೆಗೆ ಹಚ್ಚಿದಳು. ಥೂ ಎಂದು ಉಗುಳಿದಳು.

"ಉಪ್ಪ ಎಲ್ಲಿ ಹೋತು ಅಂತ ಹುಡಕಬ್ಯಾಡ್ರಿ. ಹತ್ತ ದಿನದಿಂದ ತಂಬಿಗಿ ತಂಬಿಗಿ ಕುಡದೀರಿ! ಮ್ಯಾಲ ನಮಗ ಭೂಮಿ ಒಳಗಿನ ಲವಣದ ಪಾಠ ಬ್ಯಾರೆ!"

ಎಂಟನೆಯ ಇಯತ್ತೆಯ ಪಾಠ! ಉಪ್ಪು ನೀರಿನಲ್ಲಿ ಕರಗುತ್ತದೆ. ನಾನೇ ಕಲಿಸಿದ್ದು, ಹದಿಮೂರು ವರ್ಷ! ಅವ್ವ ಹಾಕಿದ ನೀರು ಪಾಚಿಯ ಉಪ್ಪನ್ನೆಲ್ಲ ತೊಳೆದು ನನ್ನ ಹೂಜಿಗೆ ಇಳಿಸಿತ್ತು. ಉಪ್ಪಿಲ್ಲದ ಪಾಚಿ ಬರೀ ಒಣ ಕಸ. ಅದನ್ನು ನಂಬಿ ಮೂರು ಮಾಳಿಗೆ ಮುಳುಗಿಸಿದ್ದೆ.

ನಗು ಮೊದಲು ಬಂದದ್ದು ಸುಲ್ತಾನಬಿಗೆ. ಅವಳು ನಕ್ಕ ಮೇಲೆ ಮತ್ತೆ ಯಾರಿಗೂ ತಡೆಯಲಾಗಲಿಲ್ಲ. ಕೊನೆಗೆ ಹೊಟ್ಟೆ ಹಿಡಿದುಕೊಂಡೇ ಅವಳು ತೀರ್ಪು ಹೇಳಿದಳು.

"ಇನ್ನ ಎಂಟ ದಿನಾ ಐತಿ. ಕಸ್ತೂರಿ ನಮ್ಮ ಓಣಿ ಮಗಳು, ಬರಿಗೈಲೇ ಕಳಸೂದಿಲ್ಲ. ನಾಳೆ ನಸುಕಿಗೆ ಹಿಟ್ಟ ಕಲಸ್ತೀವಿ. ಆದ್ರ ಎರಡ ಕರಾರು. ಮಾಸ್ತರು ಮಳಿ ಮಾತ ತಗೀಬಾರದು. ಮತ್ತ, ಮಾಳಿಗಿ ಮ್ಯಾಲ ಕೂತು ಕಾಗಿ ಕಾಯಬೇಕು."

ಕಾಯ್ದೆ! ಬೆಳಗಿನಿಂದ ಸಂಜೆಯವರೆಗೆ, ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಕೋಲು ಹಿಡಿದು, "ಹುಶ್ಶ್! ಹುಶ್ಶ್!" ಎನ್ನುತ್ತ ಆರು ದಿನ ಕಾಯ್ದೆ. ಮೋಡ ಕಂಡರೆ ಬಾಯಿ ಮುಚ್ಚಿಕೊಂಡು ಬುಟ್ಟಿ ಎತ್ತಿದೆ. ನನ್ನ ವಿದ್ಯಾರ್ಥಿಗಳು ಓಣಿಯಲ್ಲಿ ಹೋಗುವಾಗ ತಲೆ ಎತ್ತಿ "ನಮಸ್ಕಾರ್ರಿ ಸರ್" ಎಂದರು. ಕೋಲು ಬೆನ್ನ ಹಿಂದೆ ಅಡಗಿಸಿ ನಮಸ್ಕಾರ ಮಾಡಿದೆ. ಏಳನೆಯ ದಿನ ಹದಿನಾರೂ ಬುಟ್ಟಿ ತುಂಬಿದ್ದವು. ನಾನು ಬಾಣಲೆಯ ತಳದಷ್ಟು ಕಪ್ಪಾಗಿದ್ದೆ.

ಬಾಗೇವಾಡಿಯಲ್ಲಿ ಮದುವೆ ಮುಗಿಯಿತು. ಬುಟ್ಟಿಗಳನ್ನು ಬೀಗರ ಅಂಗಳದಲ್ಲಿ ಇಳಿಸಿದೆವು. ಯಲ್ಲವ್ವನವರು ಬಂದರು, ಅರಿವೆ ಸರಿಸಿದರು, ಶ್ಯಾವಿಗೆಯ ಒಂದು ಎಳೆ ಎತ್ತಿದರು. ಕಸ್ತೂರೆವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಚಟ್!

ಎಂಥ ಸದ್ದು! ಆ ಹೊತ್ತಿಗೆ ಬಾಜಾಬಜಂತ್ರಿಯೂ ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿಸುತ್ತಿರಲಿಲ್ಲ. ಕಸ್ತೂರೆವ್ವನ ಮುಖ ಅರಳಿತು. ತಿಂಗಳಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಯಾರ ಒಣಗಸಿದ್ದ ಇವನ್ನ?" ಎಂದರು ಯಲ್ಲವ್ವನವರು.

"ನಮ್ಮ ಅಣ್ಣ ಕೂತು ಕಾಯ್ದಾನ್ರಿ" ಎಂದಳು ಕಸ್ತೂರೆವ್ವ.

ನಾನು ಮೀಸೆಯ ಮೇಲೆ ಕೈ ಹಾಕಿದೆ. ಯಲ್ಲವ್ವನವರು ನನ್ನ ಮುಖದ ಬಣ್ಣವನ್ನು ಮೇಲಿನಿಂದ ಕೆಳಗೆ ಪರೀಕ್ಷಿಸಿದರು.

"ಚಲೋ ಆತು. ನಮ್ಮಲ್ಲೂ ಇನ್ನ ಹಪ್ಪಳ ಒಣಗಸೂದೈತಿ. ಕಾಗಿ ಕಾಯಾಕ ಯಾರೂ ಸಿಗವಲ್ಲರು. ಮಾಸ್ತರರಿಗೆ ಹೆಂಗೂ ಸಾಲಿ ಸೂಟಿ ಐತಿ ಅಲ್ಲ?"

ಬೀಗಿತ್ತಿಯ ಮಾತು! ಹೊಸದಾಗಿ ತಂಗಿಯನ್ನು ಕೊಟ್ಟ ಮನೆಯಲ್ಲಿ ಇಲ್ಲವೆನ್ನಲು ಬರುತ್ತದೆಯೇ? ಇಂದ್ರಾಬಾಯಿ ಹಲ್ಲು ಕಚ್ಚಿ ನಗು ತಡೆದುಕೊಂಡು ಬಸ್ಸು ಹತ್ತಿದಳು. ಅವ್ವ ಮಗಳ ಕೈಯಲ್ಲಿ ನೀರು ತುಂಬಿದ ಒಂದು ತಂಬಿಗೆ ಕೊಟ್ಟು, ಕಣ್ಣೀರು ಒರೆಸಿಕೊಂಡು ಹೋದಳು. ನಾನು ಉಳಿದೆ.

ಮೂರನೆಯ ದಿನ ಮಧ್ಯಾಹ್ನ. ಬೀಗರ ಮಾಳಿಗೆ, ಅದೇ ಕೋಲು, ಬೇರೆ ಕಾಗೆಗಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಕೆಳಗಿನಿಂದ ಯಲ್ಲವ್ವನವರ ದನಿ ಬಂತು.

"ಮಾಸ್ತರ, ಮಳಿ ಗಿಳಿ ಬರ್ತೈತೇನ್ರಿ?"

ಕರಾರು ಸಿಂದಗಿಯದು, ಇದು ಬಾಗೇವಾಡಿ! ಹತ್ತು ದಿನದಿಂದ ಬಿಗಿಹಿಡಿದಿದ್ದ ನಾಲಿಗೆ ಸಡಿಲಾಯಿತು. ಎದ್ದು ನಿಂತು, ಎದೆ ಉಬ್ಬಿಸಿ, ಘಂಟಾಘೋಷವಾಗಿ ಹೇಳಿದೆ.

"ಒಂದ ಹನಿನೂ ಬರೂದಿಲ್ರಿ!"

ಕೆಳಗೆ ಗದ್ದಲವೋ ಗದ್ದಲ! ದಡದಡನೆ ನಾಲ್ಕು ಜನ ಹೆಂಗಸರು ಮೆಟ್ಟಿಲು ಹತ್ತಿ ಬಂದವರೇ ಹಪ್ಪಳಗಳನ್ನು ಬಾಚಿ ಬಾಚಿ ಬುಟ್ಟಿಗೆ ತುಂಬತೊಡಗಿದರು.

"ಬರೂದಿಲ್ಲ ಅಂದ್ನಲ್ರಿ! ಯಾಕ ತಗೀತೀರಿ?"

"ನಿಮ್ಮ ತಂಗಿ ಹೇಳ್ಯಾಳ್ರಿ" ಎಂದರು ಯಲ್ಲವ್ವನವರು, ಕೈ ನಿಲ್ಲಿಸದೆ. "ನಮ್ಮ ಅಣ್ಣ ಮಳಿ ಇಲ್ಲ ಅಂದ ಕೂಡ್ಲೇ ಮೊದಲ ಹಪ್ಪಳಾ ತಗೀರಿ ಅಂತ!"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ, ಕೊನೆಯ ಬುಟ್ಟಿ ಮೆಟ್ಟಿಲು ಇಳಿಯುತ್ತಿರುವಾಗ, ಅದೇ ನೆತ್ತಿಯ ಮೇಲೆ ಮೊದಲ ಹನಿ ಬಿತ್ತು.